ಆರ್ಟಿಚೋಕಿನ ಮೇಲೊಂದು ಲೋಟ ನೀರು

ಊರಿಗೆಲ್ಲ ಕುಡಿಯುವ ನೀರು ಕೊಡುವ ಮನುಷ್ಯನಿಗೆ ಮನೆಯವರ ಬಾಯಿಂದ ಒಂದೇ ಒಂದು ಒಳ್ಳೆಯ ಮಾತು ಸಿಕ್ಕಿರಲಿಲ್ಲ ಎಂದರೆ ಕೇಳಿದವರು ನಗುತ್ತಾರೆ. ನಗಲಿ. ನೀರಣ್ಣನಿಗೆ ಮಾತ್ರ ಅದು ನಗುವ ವಿಷಯವಾಗಿರಲಿಲ್ಲ. ನೀರಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಕೆಲಸ ನೀರು ಶುದ್ಧ ಮಾಡುವ ಘಟಕದಲ್ಲಿ ಮೇಲ್ವಿಚಾರಕ. ಹೊಳೆಯಿಂದ ಬರುವ ಕೆಸರು ನೀರಿಗೆ ಪಟಿಕ ಹಾಕಿ ಮಣ್ಣು ಕೂರಿಸಿ, ಮರಳಿನಲ್ಲಿ ಸೋಸಿ, ಕೊನೆಗೆ ಅಳೆದು ಕ್ಲೋರಿನ್ ಬೆರೆಸಿ ಊರಿಗೆ ಬಿಡುವವರೆಗಿನ ಉಸ್ತುವಾರಿ ಅವನದು. ಒಂದು ಹನಿ ಹೆಚ್ಚಾದರೆ ಜನ ಬೈಯುತ್ತಾರೆ, ಒಂದು ಹನಿ ಕಡಿಮೆಯಾದರೆ ಜನ ಹಾಸಿಗೆ ಹಿಡಿಯುತ್ತಾರೆ. ಈ ಎರಡರ ನಡುವೆ ಅವನ ಕೂದಲು ಬೆಳ್ಳಗಾಗಿತ್ತು.

ಒಳ್ಳೆಯ ಮಾತು ಬರಬೇಕಾಗಿದ್ದದ್ದು ಅಕ್ಕನ ಬಾಯಿಂದ. ಅಮ್ಮ ತೀರಿಕೊಂಡಾಗ ಅವನಿಗೆ ಹಲ್ಲು ಬೀಳುವ ವಯಸ್ಸು, ಅಕ್ಕನಿಗೆ ಇನ್ನೂ ಎರಡು ಜಡೆ. ಅವಳೇ ಅವನಿಗೆ ಉಣ್ಣಿಸಿದಳು, ಬೈದಳು, ಶಾಲೆಗೆ ಅಟ್ಟಿದಳು, ಒಂದು ಲಾಂಡ್ರಿಗೆ ಸೇರಿ ಕೊನೆಗೆ ಅದೇ ಲಾಂಡ್ರಿಯನ್ನು ತನ್ನದು ಮಾಡಿಕೊಂಡಳು. ಅವನಿಗೆ ನೌಕರಿ ಕೊಡಿಸಿದವಳೂ ಅವಳೇ. ನೀರಿನ ಇಲಾಖೆಯ ಅಂದಿನ ದೊಡ್ಡ ಇಂಜಿನಿಯರು ಅವಳ ಅಂಗಡಿಗೇ ಷರಟು ಕೊಡುತ್ತಿದ್ದರು. "ನನ್ನ ತಮ್ಮನಿಗೆ ಒಂದು ಕೆಲಸ ನೋಡಿ ಸಾರ್. ಇಲ್ಲಾಂದ್ರೆ ನಿಮ್ಮ ಕಾಲರಿಗೆ ಇನ್ಮೇಲೆ ಗಂಜಿ ಹಾಕಲ್ಲ," ಎಂದು ಅವಳು ಕೌಂಟರಿನ ಹಿಂದಿನಿಂದಲೇ ಹೇಳಿದ್ದಳಂತೆ. ಗಂಜಿಯಿಲ್ಲದ ಕಾಲರನ್ನು ನೆನೆಸಿಕೊಂಡು ಆ ಪುಣ್ಯಾತ್ಮರು ಒಪ್ಪಿಕೊಂಡರು.

ಹೀಗೆ ಕೊಡಿಸಿದ ಕೆಲಸವಾದ್ದರಿಂದ ಅದರ ಮೇಲೆ ಅಕ್ಕನಿಗೆ ಒಂದು ಕಣ್ಣಿತ್ತು, ಕಣ್ಣಿಗಿಂತ ಹೆಚ್ಚಾಗಿ ಮೂಗಿತ್ತು. ಬಟ್ಟೆ ಒಗೆದು ಬದುಕಿದ ಹೆಂಗಸು. ನೀರಿನ ಜಾತಕ ಅವಳಿಗೆ ವಾಸನೆಯಲ್ಲೇ ತಿಳಿಯುತ್ತಿತ್ತು. ಅವನು ಕೆಲಸಕ್ಕೆ ಸೇರಿದ ವಾರವೇ ಒಂದು ಲೋಟ ನೀರು ಕುಡಿದು, "ಔಷಧಿ ವಾಸನೆ," ಎಂದಿದ್ದಳು. ಆಮೇಲೆ ಅವನು ಮದುವೆಯಾದ, ಬಡ್ತಿ ಪಡೆದ, ಮನೆ ಕಟ್ಟಿದ. ಪ್ರತಿ ಸಲ ಬಂದಾಗಲೂ ಅಕ್ಕ ಲೋಟ ಎತ್ತುವುದು, ಮೂಗಿನ ಹತ್ತಿರ ಒಯ್ಯುವುದು, "ಔಷಧಿ ವಾಸನೆ" ಎಂದು ಕೆಳಗಿಡುವುದು ತಪ್ಪಲಿಲ್ಲ. ಆ ವಾಸನೆಯೇ ಊರನ್ನು ಕಾಯುತ್ತಿದೆ ಎಂದು ಅವನು ವಿವರಿಸಿದರೆ, "ನನ್ನ ಬಣ್ಣದ ಬಟ್ಟೆಗಳನ್ನ ಯಾರು ಕಾಯ್ತಾರೆ?" ಎಂದು ಕೇಳುತ್ತಿದ್ದಳು.

ನೀರು ಹೋಗಲಿ, ಬೇರೆ ದಾರಿಯಲ್ಲಾದರೂ ಆ ಮಾತು ಹೊರಡಿಸೋಣ ಎಂದು ಅವನು ಮಾಡದ ಸಾಹಸವಿಲ್ಲ. ಶಾಲು ತಂದುಕೊಟ್ಟ. "ಚೆನ್ನಾಗಿದೆ, ಆದ್ರೆ ಇದಕ್ಕಿಂತ ದಪ್ಪದ್ದು ನೋಡಿದೀನಿ." ಕುರ್ಚಿ ಮಾಡಿಸಿಕೊಟ್ಟ. "ಕೂತ್ಕೋಬಹುದು, ಆದ್ರೆ ಹಳೇದರಲ್ಲಿ ಕೂತ ಸುಖ ಇಲ್ಲ." ಅಕ್ಕನ ಎಲ್ಲ ಮಾತಿನ ನಡುವೆಯೂ ಆ 'ಆದ್ರೆ' ಬಾಗಿಲಿನ ಹೊಸ್ತಿಲಿನಂತೆ ಇರುತ್ತಿತ್ತು, ದಾಟುವಾಗ ನೀರಣ್ಣ ಎಡವುತ್ತಿದ್ದ. ವಯಸ್ಸು ಅರವತ್ತರ ಹತ್ತಿರ ಬಂದರೂ ಇದಕ್ಕೆ ಮನಸ್ಸು ಒಗ್ಗಲಿಲ್ಲ. ಒಂದು ಸಲ, ಒಂದೇ ಒಂದು ಸಲ, ಅಕ್ಕ ತನ್ನನ್ನು ಮೆಚ್ಚಿಕೊಳ್ಳಬೇಕು. ಆಸೆ ಚಿಕ್ಕದೇ. ಚಿಕ್ಕ ಆಸೆಗಳೇ ಮನುಷ್ಯನ ಜೀವ ತಿನ್ನುವುದು.

ಯೋಚಿಸಿ ಯೋಚಿಸಿ ಅವನು ರೋಗದ ಮೂಲ ಕಂಡುಕೊಂಡ. ಅಕ್ಕ ಎಲ್ಲವನ್ನೂ ಇನ್ನೊಂದಕ್ಕೆ ಹೋಲಿಸುತ್ತಾಳೆ. ಹಾಗಾದರೆ ಅವಳು ಜನ್ಮದಲ್ಲಿ ನೋಡದ, ಮುಟ್ಟದ, ತಿನ್ನದ ವಸ್ತುವನ್ನು ಮುಂದಿಟ್ಟರೆ? ಹೋಲಿಸಲು ಏನೂ ಇಲ್ಲದಿದ್ದರೆ 'ಆದ್ರೆ'ಗೆ ಜಾಗವೆಲ್ಲಿ?

ಅಂಥ ವಸ್ತು ಸಿಕ್ಕಿದ್ದು ಘಟಕದ ಲ್ಯಾಬಿನಲ್ಲಿ. ಅಲ್ಲಿ ನೀರು ಪರೀಕ್ಷೆ ಮಾಡುವ ಮೇಡಂ ತಮ್ಮ ಕ್ವಾರ್ಟರ್ಸಿನ ಹಿತ್ತಲಲ್ಲಿ ಆರ್ಟಿಚೋಕ್ ಬೆಳೆಸಿದ್ದರು. ಗಿಡದ ಬುಡದಲ್ಲಿ ಒಡೆದ ಎರಡು ಮರಿಗಳನ್ನು ಒದ್ದೆ ಗೋಣಿಯಲ್ಲಿ ಸುತ್ತಿ ಕೊಟ್ಟು, "ಹೂ ಅರಳೋಕೆ ಮುಂಚೆ ಮೊಗ್ಗನ್ನೇ ಕೊಯ್ದು ಬೇಯಿಸಿ ತಿನ್ನೋದು. ಒಂದೊಂದೇ ದಳ ಕಿತ್ತು ಹಲ್ಲಿನಲ್ಲಿ ಕೆರ್ಕೋಬೇಕು. ಬುಡದ ತಿರುಳು ಕೊನೆಗೆ," ಎಂದರು. ಇನ್ನೊಂದು ಮಾತನ್ನೂ ಅವರು ಹೇಳಬೇಕಿತ್ತು. ಮರೆತರು. ಈ ಕತೆಯೆಲ್ಲ ಆ ಮರೆವಿನ ಮೇಲೆ ನಿಂತಿದೆ.

ನೀರಣ್ಣ ಮನೆಯ ಹಿಂದೆ ಪಾತಿ ಮಾಡಿ ಮರಿಗಳನ್ನು ನೆಟ್ಟ. ಮೊದಲ ವರ್ಷ ಬಂದದ್ದು ಬರೀ ಎಲೆ. ಬೂದಿ ಬಣ್ಣದ, ಅಂಚು ಹರಿದ, ಮೊಳಗಟ್ಟಲೆ ಉದ್ದದ ಎಲೆಗಳು ಪಾತಿಯನ್ನೂ ದಾಟಿ ಬಟ್ಟೆ ಒಣಗಿಸುವ ತಂತಿಯ ಕೆಳಗೆಲ್ಲ ಚಾಚಿಕೊಂಡವು.

"ಕಳೆ ಕೀಳ್ತೀನಿ ಅಂತ ಹಿತ್ತಲಿಗೆ ಹೋದವ್ರು ಕಳೆ ನೆಟ್ಟು ಬಂದಿದೀರಲ್ಲ," ಎಂದಳು ಹೆಂಡತಿ.

"ಇದು ಕಳೆಯಲ್ಲ ಕಣೇ. ದೊಡ್ಡ ದೊಡ್ಡ ಹೋಟ್ಲಲ್ಲಿ ಬಡಿಸ್ತಾರೆ."

"ಅಲ್ಲಿ ತಿನ್ನೋವ್ರು ಇದನ್ನ ಕೀಳೋಕೆ ಹೋಗಿರಲ್ಲ. ನೋಡಿ, ನನ್ನ ಕೈಯೆಲ್ಲ ತರಚಿದೆ."

ಆದರೂ ನೀರಣ್ಣ ಆ ಗಿಡಗಳನ್ನು ಸಾಕಿದ ಪರಿ ನೋಡಿದರೆ ಮನೆಗೆ ಮೊಮ್ಮಗು ಬಂದಿದೆ ಎನ್ನಬೇಕು. ಬೆಳಗಿನ ಜಾವ ಎದ್ದು ಎಲೆಯಡಿಯ ಬಸವನಹುಳುಗಳನ್ನು ಹೆಕ್ಕುತ್ತಿದ್ದ. ಗಿಡಕ್ಕೆ ಹೇನು ಹತ್ತಿದಾಗ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ ಒಂದೊಂದೇ ಎಲೆ ಒರೆಸಿದ. ಇನ್ನು ನೀರಿನ ವಿಷಯ ಕೇಳುವುದೇ ಬೇಡ. ಕ್ಲೋರಿನ್ ಬೆರೆತ ನೀರು ಬೇರಿಗೆ ಒಳ್ಳೆಯದಲ್ಲವೇನೋ ಎಂಬ ಅನುಮಾನ ಬಂದು ಒಂದು ಸ್ಟೀಲ್ ಡ್ರಮ್ಮು ತಂದ. ಸಂಜೆ ನಲ್ಲಿಯಿಂದ ಅದನ್ನು ತುಂಬಿಸಿ, ಸೊಳ್ಳೆ ಬೀಳದಂತೆ ತೆಳು ಬಟ್ಟೆ ಕಟ್ಟಿ, ರಾತ್ರಿಯೆಲ್ಲ ಹಾಗೇ ಬಿಡುತ್ತಿದ್ದ. ಬೆಳಗಾಗುವುದರೊಳಗೆ ಕ್ಲೋರಿನ್ನೆಲ್ಲ ಗಾಳಿಗೆ ಹಾರಿಹೋಗಿರುತ್ತಿತ್ತು. ಆ ಶುದ್ಧ ನೀರು ಗಿಡಕ್ಕೆ.

"ಮನುಷ್ಯರ ನೀರಿಗೆ ಔಷಧಿ ಹಾಕೋಕೆ ನಿಮಗೆ ಸಂಬಳ. ಗಿಡದ ನೀರಿಂದ ಅದನ್ನ ತೆಗೆಯೋಕೆ ಸಂಬಳ ಇಲ್ಲ," ಎಂದಳು ಹೆಂಡತಿ. ಅದು ಚುಚ್ಚು ಮಾತೆಂದು ನೀರಣ್ಣನಿಗೆ ಅನ್ನಿಸಲಿಲ್ಲ. ಹೌದಲ್ಲ, ಎಂದು ಒಪ್ಪಿಕೊಂಡು ಇನ್ನೊಂದು ಬಕೆಟ್ಟು ಹೊಯ್ದ.

ಎರಡನೆಯ ವರ್ಷ ದಂಟು ಎದ್ದಿತು. ತುದಿಯಲ್ಲಿ ಮುಷ್ಟಿಗಿಂತ ದೊಡ್ಡ ಮೊಗ್ಗು, ಅಕ್ಕಪಕ್ಕ ಚಿಕ್ಕ ಚಿಕ್ಕವು. ಹಸಿರು ಚಿಪ್ಪುಗಳನ್ನು ಒತ್ತೊತ್ತಾಗಿ ಜೋಡಿಸಿದ ಹಾಗಿತ್ತು. ಕೊಯ್ಯುವ ಹೊತ್ತು ಗೊತ್ತಾಗುವುದು ಕಷ್ಟ: ಬೇಗ ಕೊಯ್ದರೆ ತಿರುಳಿಲ್ಲ, ತಡವಾದರೆ ಅರಳಿ ನೇರಳೆ ಹೂವಾಗಿ ನಾರು. ಮೊಗ್ಗನ್ನು ಹಿಸುಕಿದರೆ ಕಿರ್ ಎನ್ನಬೇಕು, ಆಗ ಹದ. ನೀರಣ್ಣ ಕೆಲಸಕ್ಕೆ ಹೊರಡುವ ಮುಂಚೆ ದಿನಾ ಹೋಗಿ ಕಿವಿಗೊಟ್ಟು ಹಿಸುಕಿ ಬರುತ್ತಿದ್ದ. ಒಂದು ಶನಿವಾರ ಅದು ಕಿರ್ ಎಂದಿತು. ಅವನು ಹಿತ್ತಲಿನಿಂದಲೇ ಅಕ್ಕನಿಗೆ ಫೋನ್ ಮಾಡಿದ.

"ನಾಳೆ ಊಟಕ್ಕೆ ಬಾ ಅಕ್ಕ. ನೀನು ತಿಂದೇ ಇಲ್ಲದ್ದು ಒಂದು ಮಾಡ್ತಿದೀನಿ."

"ನಾನು ತಿಂದಿಲ್ಲದ್ದು ಏನಿದೆಯೋ? ನಿನ್ನ ಹೆಂಡತಿ ಹಾಕೋ ಕಾಫಿ ಒಂದು ಬಿಟ್ಟು ಎಲ್ಲಾ ತಿಂದಿದೀನಿ," ಎಂದಳು ಅಕ್ಕ. ಕಾಫಿಯನ್ನು ಯಾಕೆ ತಿನ್ನುವ ಪಟ್ಟಿಗೆ ಸೇರಿಸಿದಳೋ ಗೊತ್ತಿಲ್ಲ. ಬಹುಶಃ ಅದು ಅಷ್ಟು ಗಟ್ಟಿಯಾಗಿರುತ್ತಿತ್ತು.

ಭಾನುವಾರ ಬೆಳಿಗ್ಗೆ ನೀರಣ್ಣ ಗೇಣುದ್ದ ದಂಟು ಬಿಟ್ಟು ಮೊಗ್ಗುಗಳನ್ನು ಕೊಯ್ದ. ತುದಿ ಕತ್ತರಿಸಿ, ದಳದಳದ ಮುಳ್ಳನ್ನೂ ಕತ್ತರಿಯಿಂದ ತೆಗೆದು, ಕೊಯ್ದ ಜಾಗ ಕಪ್ಪಾಗದಂತೆ ನಿಂಬೆಹಣ್ಣು ತಿಕ್ಕಿದ. ದೊಡ್ಡ ಪಾತ್ರೆಯಲ್ಲಿ ಉಪ್ಪುನೀರು ಕುದಿಸಿ, ತೇಲಿ ಬರದಂತೆ ಮೇಲೊಂದು ತಟ್ಟೆ ಕವುಚಿ ಬೇಯಿಸಿದ. ನಡುನಡುವೆ ಮುಚ್ಚಳ ತೆಗೆದು ಒಂದು ದಳ ಎಳೆದು ನೋಡುವುದು. ಸಲೀಸಾಗಿ ಕಿತ್ತು ಬಂದರೆ ಬೆಂದಿದೆ ಎಂದು ಅರ್ಥ. ಬೆಣ್ಣೆ ಕರಗಿಸಿ ಅದಕ್ಕೆ ನಿಂಬೆರಸ ಹಿಂಡಿದ. ಅಡುಗೆಮನೆಯನ್ನು ಗಂಡನಿಗೆ ಬಿಟ್ಟುಕೊಟ್ಟು ಹೆಂಡತಿ ಬಾಗಿಲಿಗೆ ಒರಗಿ ನಿಂತಿದ್ದಳು.

"ನಿನಗೂ ಒಂದು ಇದೆ," ಎಂದ.

"ಮುಳ್ಳು ತಿನ್ನೋಕೆ ನಾನೇನು ಒಂಟೆನಾ? ನೀವೂ ನಿಮ್ಮಕ್ಕನೂ ತಿನ್ನಿ. ನಾನು ಬಡಿಸ್ತೀನಿ."

ಅಕ್ಕ ಬಂದಳು. ತಟ್ಟೆಯ ಮೇಲೆ ಕೂತಿದ್ದ ಮೊಗ್ಗನ್ನು, ಗಿರಾಕಿ ತಂದ ಕರೆಯಾದ ಷರಟನ್ನು ನೋಡುವಂತೆ ತಿರುಗಿಸಿ ತಿರುಗಿಸಿ ನೋಡಿದಳು. ನೀರಣ್ಣ ತೋರಿಸಿಕೊಟ್ಟ: ದಳ ಕೀಳು, ಬೆಣ್ಣೆಯಲ್ಲಿ ಅದ್ದು, ಹಲ್ಲಿನ ಮಧ್ಯೆ ಎಳೆ, ಉಳಿದ ಸಿಪ್ಪೆ ಪಕ್ಕಕ್ಕಿಡು. ಅಕ್ಕನ ಹಲ್ಲುಗಳು ಈಗಲೂ ಒಂದೂ ಅಲುಗಿರಲಿಲ್ಲ. ಅವಳು ಒಂದಾದ ಮೇಲೊಂದು ಎಳೆಯುತ್ತ ಹೋದಳು. ಸ್ವಲ್ಪ ಹೊತ್ತಿಗೆ ಪಕ್ಕದ ಸಿಪ್ಪೆಯ ರಾಶಿ ಮೂಲ ಮೊಗ್ಗಿಗಿಂತ ಎತ್ತರವಾಯಿತು.

"ತಿಂದಷ್ಟೂ ಜಾಸ್ತಿ ಆಗ್ತಿದ್ಯಲ್ಲೋ ಇದು," ಎಂದಳು.

"ತಾಳು ಅಕ್ಕ, ಮುಖ್ಯವಾದದ್ದು ಇನ್ನೂ ಇದೆ." ಅವನು ಚಮಚದಿಂದ ನಡುವಿನ ಹತ್ತಿಯಂಥ ನವಿರನ್ನು ಕೆರೆದು ತೆಗೆದು, ಬುಡದ ತಿರುಳನ್ನು ನಾಲ್ಕು ಹೋಳು ಮಾಡಿ ಅವಳ ಮುಂದಿಟ್ಟ. ಎರಡು ವರ್ಷದ ಬಸವನಹುಳು, ಹೇನು, ಡ್ರಮ್ಮು, ಎಲ್ಲ ಸೇರಿ ಅಷ್ಟಾಗಿತ್ತು. ಅಕ್ಕ ಬಾಯಿಗೆ ಹಾಕಿಕೊಂಡಳು. ಅಗಿದಳು. ನುಂಗಿದಳು. ನೀರಣ್ಣನೂ ನುಂಗಿದ, ಬರೀ ಉಗುಳು.

"ಆಲೂಗಡ್ಡೆ ಥರಾನೇ ಇದೆ," ಎಂದಳು ಅಕ್ಕ. "ಆದ್ರೆ ಆಲೂಗಡ್ಡೆ ಆಗಿದ್ರೆ ಇಷ್ಟೊತ್ತಿಗೆ ಊಟ ಮುಗಿದಿರ್ತಿತ್ತು."

ಭೂಮಿಯ ಮೇಲೆ ಆಲೂಗಡ್ಡೆ ಎಂಬುದೊಂದಿದೆ ಎಂಬುದನ್ನು ಅವನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಅವನ ಮುಖ ಇಷ್ಟೇ ಇಷ್ಟಾಯಿತು. ತನ್ನ ಮೊಗ್ಗಿನ ತಿರುಳನ್ನು ರುಚಿಯೇ ಗೊತ್ತಾಗದೆ ಮುಗಿಸಿದ. ಹೆಂಡತಿಗೂ ಒಂದು ಕ್ಷಣ ಪಾಪ ಎನ್ನಿಸಿ, ಮಾತು ಬದಲಾಯಿಸಲೆಂದು ಜಗ್ಗಿನಿಂದ ಇಬ್ಬರಿಗೂ ನೀರು ಬಗ್ಗಿಸಿ ಕೊಟ್ಟಳು.

ಅಕ್ಕ ಲೋಟ ಎತ್ತಿದಳು. ವಾಡಿಕೆಯಂತೆ ಮೂಗಿನ ಹತ್ತಿರ ಒಯ್ದಳು, ವಾಡಿಕೆಯಂತೆ ಮುಖ ಸಿಂಡರಿಸಿದಳು, ಒಂದು ಗುಟುಕು ಕುಡಿದಳು. ಲೋಟ ಕೆಳಗೆ ಬರಲಿಲ್ಲ. ಇನ್ನೊಂದು ಗುಟುಕು ಕುಡಿದಳು. ಆಮೇಲೆ ಪೂರ್ತಿ ಕುಡಿದು, ಖಾಲಿ ಲೋಟದೊಳಗೆ ಇಣುಕಿ ನೋಡಿದಳು.

"ಲೋ, ಇವತ್ತು ನೀರಿಗೆ ಏನ್ ಮಾಡಿದೀಯ?"

"ಏನೂ ಇಲ್ಲ ಅಕ್ಕ. ಯಾವಾಗ್ಲೂ ಮಾಡೋದೇ."

"ಇಲ್ಲ, ಇಲ್ಲ. ಸಿಹಿಯಾಗಿದೆ. ಎಷ್ಟು ಚೆನ್ನಾಗಿದೆ." ಅವಳು ತಾನೇ ಜಗ್ಗಿನಿಂದ ಬಗ್ಗಿಸಿಕೊಂಡಳು. "ಇಂಥ ನೀರು ನಾನು ಎಲ್ಲೂ ಕುಡಿದಿಲ್ಲ. ಕೊನೆಗೂ ಕೆಲಸ ಕಲಿತೆ ಕಣೋ."

ನೀರಣ್ಣ 'ಆದ್ರೆ'ಗಾಗಿ ಕಾದ. ಅದು ಬರಲಿಲ್ಲ. ಅಕ್ಕ ನೀರು ಕುಡಿಯುತ್ತಲೇ ಇದ್ದಳು. ಹಲ್ಲು ಬೀಳುವ ವಯಸ್ಸಿನ ಆ ಹುಡುಗನೇ ಮತ್ತೆ ಅವನೊಳಗೆಲ್ಲೋ ಎದ್ದು ನಿಂತಂತಾಗಿ ಅಳು ಬಂತು. ಹೊಗಳಿಸಿಕೊಳ್ಳಬೇಕೆಂದು ಹೋದದ್ದು ತರಕಾರಿಗೆ, ಸಿಕ್ಕಿದ್ದು ಇಡೀ ನೌಕರಿಗೆ. ಕಣ್ಣಲ್ಲಿ ಬಂದದ್ದು ಕಾಣದಿರಲೆಂದು ತಾನೂ ಲೋಟ ಎತ್ತಿ ಒಂದು ಗುಟುಕು ಕುಡಿದ.

ನೀರು ಸಿಹಿಯಾಗಿತ್ತು.

ಬೇರೆ ಯಾರೇ ಆಗಿದ್ದರೂ ಇನ್ನೊಂದು ಲೋಟ ಕುಡಿದು ಖುಷಿಪಡುತ್ತಿದ್ದರು. ಆದರೆ ನೀರು ಬಿಡುವವನಿಗೆ ಸಿಹಿಯಂಥ ಕೆಟ್ಟ ಸುದ್ದಿ ಇನ್ನೊಂದಿಲ್ಲ. ನೀರು ಕಹಿಯಾದರೆ ಕ್ಲೋರಿನ್ ಹೆಚ್ಚಾಗಿದೆ, ಮಣ್ಣು ವಾಸನೆ ಬಂದರೆ ಹೊಳೆಯಲ್ಲಿ ಪಾಚಿ ಕಟ್ಟಿದೆ, ಅದಕ್ಕೆಲ್ಲ ಮದ್ದಿದೆ. ಸಿಹಿ ಯಾವುದರಿಂದ? ಎಂದೋ ಒಂದು ತರಬೇತಿಯಲ್ಲಿ, ಕೆಲವು ವಿಷಗಳು ನಾಲಿಗೆಗೆ ಸಿಹಿಯಾಗಿರುತ್ತವೆ ಎಂದು ಹೇಳಿದ್ದು ನೆನಪಾಯಿತು. ಅವನು ಚಂಗನೆ ಎದ್ದು ಅಕ್ಕನ ಕೈಯಿಂದ ಲೋಟ ಕಿತ್ತುಕೊಂಡ.

"ಕುಡೀಬೇಡ ಅಕ್ಕ."

"ಯಾಕೋ? ಹೊಗಳಿದ್ದೇ ತಪ್ಪಾಯ್ತಾ?"

ಅವನು ಆ ಲೋಟವನ್ನು ಹೆಂಡತಿಯ ಮುಂದೆ ಹಿಡಿದ. "ಒಂದು ಗುಟುಕು ನೋಡಿ ಉಗುಳು. ಹೇಗಿದೆ?"

ಹೆಂಡತಿ ಕುಡಿದೇಬಿಟ್ಟಳು. "ಯಾವಾಗಿನ ಥರಾನೇ ಇದೆ. ಔಷಧಿ ವಾಸನೆ."

"ನಿಂಗೆ ಶೀತ ಆಗಿದೆ."

"ನಂಗ್ಯಾವ ಶೀತಾನೂ ಇಲ್ಲ."

ಅವನು ಕೇಳಿಸಿಕೊಳ್ಳುವ ಸ್ಥಿತಿಯಲ್ಲಿರಲಿಲ್ಲ. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಲೇ ಘಟಕಕ್ಕೆ ಫೋನ್ ಹಚ್ಚಿದ. ಭಾನುವಾರದ ಪಾಳಿಯ ಪಂಪಿನವನು ಎತ್ತಿದ.

"ಊರಿಗೆ ಹೋಗೋ ವಾಲ್ವ್ ಬಂದ್ ಮಾಡು. ಈಗಲೇ."

"ಯಾಕೆ ಸಾರ್?"

"ನೀರು ಸಿಹಿಯಾಗಿದೆ."

"ಸಿಹಿಯಾಗಿದ್ರೆ ಒಳ್ಳೇದಲ್ವಾ ಸಾರ್?"

"ಹೇಳಿದಷ್ಟು ಮಾಡು," ಎಂದು ನೀರಣ್ಣ ಸ್ಕೂಟರ್ ಹತ್ತಿದ.

ಭಾನುವಾರ ಮಧ್ಯಾಹ್ನ ಇಡೀ ಊರಿಗೆ ನೀರು ನಿಂತಿತು. ಪಾತ್ರೆ ತೊಳೆಯುವವರ ಕೈಯಲ್ಲಿ ಪಾತ್ರೆ, ಸ್ನಾನಕ್ಕಿಳಿದವರ ಮೈಮೇಲೆ ನೊರೆ. ಲ್ಯಾಬಿನ ಮೇಡಂ ಕ್ವಾರ್ಟರ್ಸಿನಿಂದ ಬಂದದ್ದು ತಲೆಗೆ ಟವೆಲ್ ಸುತ್ತಿಕೊಂಡು. ಟವೆಲ್ಲಿನ ಅಂಚಿನಿಂದ ಶಾಂಪೂ ಇಳಿಯುತ್ತಿತ್ತು. ಅವರು ಕಣ್ಣು ಉಜ್ಜಿಕೊಳ್ಳುತ್ತ ಟ್ಯಾಂಕಿನ ನೀರು, ಫಿಲ್ಟರಿನ ನೀರು, ಪೈಪಿನ ನೀರು ಎಲ್ಲ ತೆಗೆದು ಸಾಲಾಗಿ ಗಾಜಿನ ಕೊಳವೆಗಳಲ್ಲಿಟ್ಟು ಹನಿ ಹಾಕಿದರು. ಕ್ಲೋರಿನ್ ಇದ್ದರೆ ಹಳದಿ ಬಣ್ಣ ಬರಬೇಕು. ಎಲ್ಲದರಲ್ಲೂ ಹಳದಿ ಬಂತು. ಉಳಿದ ಪರೀಕ್ಷೆಗಳನ್ನೂ ಒಂದೂ ಬಿಡದೆ ಮಾಡಿದರು. ನೀರು ಪುಸ್ತಕದಲ್ಲಿ ಬರೆದ ಹಾಗಿತ್ತು.

"ಅಕ್ಕನಿಗೂ ಸಿಹಿ ಅನ್ನಿಸ್ತು ಮೇಡಂ, ನನಗೂ ಅನ್ನಿಸ್ತು. ನನ್ನ ಹೆಂಡತಿಗೆ ಮಾತ್ರ ಇಲ್ಲ. ಅವಳಿಗೆ ಶೀತ."

ಮೇಡಂ ಕೊಳವೆ ಕೆಳಗಿಟ್ಟರು. "ಊಟಕ್ಕೆ ಏನಿತ್ತು?"

"ನೀವು ಕೊಟ್ಟ ಗಿಡದ್ದೇ. ಮೊದಲ ಮೊಗ್ಗು."

"ನಿಮ್ಮ ಮನೆಯವ್ರು ಅದನ್ನ ತಿಂದ್ರಾ?"

"ಇಲ್ಲ."

"ಅಯ್ಯೋ, ನಾನು ಹೇಳಿರಲಿಲ್ವಾ? ಅದನ್ನ ತಿಂದ ಮೇಲೆ ನೀರು ಕುಡಿದ್ರೆ ಸಿಹಿ ಅನ್ಸುತ್ತೆ. ನೀರಲ್ಲಿ ಏನೂ ಇರಲ್ಲ, ಅದು ನಾಲಿಗೆ ಆಟ. ಸ್ವಲ್ಪ ಹೊತ್ತಿಗೆ ತಾನಾಗೇ ಹೋಗುತ್ತೆ. ಕೆಲವರಿಗೆ ಹಾಗೆ ಆಗೋದೇ ಇಲ್ಲ. ನಂಗೂ ಆಗಲ್ಲ ನೋಡಿ, ಅದಕ್ಕೇ ಹೇಳೋದು ಮರೆತೇಹೋಯ್ತು." ಇಷ್ಟು ಹೇಳಿ ಅವರು ನಗತೊಡಗಿದರು, ನಕ್ಕ ಹಾಗೆಲ್ಲ ಶಾಂಪೂ ಕಣ್ಣಿಗಿಳಿಯುತ್ತಿತ್ತು.

ನೀರಣ್ಣ ನಗಲಿಲ್ಲ. ಊರಿಗೆ ವಿಷ ಹೋಗಿಲ್ಲ ಎಂಬ ನೆಮ್ಮದಿ ಒಂದು ಕಡೆಯಾದರೆ, ಅದರ ಹಿಂದೆಯೇ ಇನ್ನೊಂದು ಸತ್ಯ ಬಂದು ಎದುರಿಗೆ ಕೂತಿತು. ಅಕ್ಕ ಮೆಚ್ಚಿದ್ದು ಅವನ ನೀರನ್ನಲ್ಲ. ಅಷ್ಟು ವರ್ಷ ಕಾದು ಸಿಕ್ಕ ಆ ಮಾತು ಒಂದು ಮುಳ್ಳುಮೊಗ್ಗಿಗೆ ಸಲ್ಲಬೇಕಾದದ್ದು. ಆ ಮೊಗ್ಗನ್ನೋ ಅವಳು ಆಲೂಗಡ್ಡೆ ಎಂದು ತಳ್ಳಿಹಾಕಿದ್ದಳು.

ಅಷ್ಟರಲ್ಲಿ ಈಗಿನ ಇಂಜಿನಿಯರ ಫೋನು ಬಂತು. "ಊರಿಗೆಲ್ಲ ನೀರು ನಿಲ್ಲಿಸಿದೀರಂತೆ. ಏನು ಕಾರಣ?"

ನೀರಣ್ಣ ಮೇಡಂ ಮುಖ ನೋಡಿದ, ಪಂಪಿನವನ ಮುಖ ನೋಡಿದ. ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. "ತರಕಾರಿ ಸಾರ್," ಎಂದ.

ಇಂಜಿನಿಯರು, "ನಾಳೆ ಬಂದು ನನ್ನನ್ನ ಕಾಣಿ," ಎಂದರು.

ವಾಲ್ವ್ ತೆಗೆದರು. ಹಳೆಯ ಕಬ್ಬಿಣದ ಪೈಪುಗಳಲ್ಲಿ ನೀರು ನಿಂತು ಮತ್ತೆ ನುಗ್ಗಿದಾಗ ಒಳಗೆ ಕಟ್ಟಿದ ತುಕ್ಕೆಲ್ಲ ಎದ್ದುಬರುತ್ತದೆ. ಸಂಜೆಯವರೆಗೆ ಊರಿನ ನಲ್ಲಿಗಳಲ್ಲಿ ಇಟ್ಟಿಗೆ ಬಣ್ಣದ ನೀರೇ ಗತಿ. ಇದು ನೀರಣ್ಣನಿಗೆ ಗೊತ್ತಿದ್ದದ್ದೇ. ಸ್ಕೂಟರಿನಲ್ಲಿ ವಾಪಸು ಬರುವಾಗ ಜನ ಮನೆ ಮುಂದೆ ಕೆಂಪು ನೀರಿನ ಬಕೆಟ್ಟು ಇಟ್ಟುಕೊಂಡು ನಿಂತಿದ್ದರು. ಎಲ್ಲರಿಗೂ ಅವನ ಗುರುತಿತ್ತು, ಆದ್ದರಿಂದ ಅವನು ರಸ್ತೆಯನ್ನಷ್ಟೇ ನೋಡಿಕೊಂಡು ಬಂದ. ಅಕ್ಕನಿಗೆ ನಿಜ ಹೇಳುವುದೋ ಬಿಡುವುದೋ? ಹೇಳದಿದ್ದರೆ ಅವಳು ಸಾಯುವವರೆಗೂ ಅವನು ಕೆಲಸ ಕಲಿತ ತಮ್ಮ. ಹೇಳಿದರೆ ಮತ್ತೆ ಔಷಧಿ ವಾಸನೆಯವನು. ಮನೆಯ ತಿರುವಿನ ಹೊತ್ತಿಗೆ ಹೇಳಿಬಿಡುವುದೇ ಸರಿ ಎಂದು ನಿಶ್ಚಯಿಸಿದ. ದುಃಖವಾಯಿತು, ಆದರೂ ನಿಶ್ಚಯಿಸಿದ.

ಹೆಂಡತಿ ಬಾಗಿಲಲ್ಲೇ ಸಿಕ್ಕಿದಳು. "ಅತ್ತಿಗೆ ಖಾಲಿ ಬಾಟಲಿ ಇಸ್ಕೊಂಡು ನಲ್ಲಿ ಮುಂದೆ ನಿಂತಿದಾರೆ. ಆ ನೀರನ್ನ ಮನೆಗೆ ತಗೊಂಡು ಹೋಗ್ಬೇಕಂತೆ."

ಅವನು ಒಳಗೆ ಕಾಲಿಡುವುದಕ್ಕೂ ನಲ್ಲಿ ಗೊರ ಗೊರ ಎಂದು ಗಾಳಿ ಉಗುಳಿ ನೀರು ಬಿಡುವುದಕ್ಕೂ ಸರಿಹೋಯಿತು. ಅಕ್ಕ ಬಾಟಲಿಯ ಕಾಲು ಭಾಗ ಹಿಡಿದು, ಕಿಟಕಿಯ ಬೆಳಕಿಗೆ ಎತ್ತಿ ನೋಡಿದಳು. ಕೆಂಪಗೆ, ತಳದಲ್ಲಿ ಚೂರು ತುಕ್ಕು.

"ಲೋ," ಎಂದಳು, ಸಿಟ್ಟಿಲ್ಲದೆ. "ಇಷ್ಟು ವರ್ಷಕ್ಕೆ ಒಂದು ದಿನ ಒಳ್ಳೇ ನೀರು ಕೊಟ್ಟೆ. ಅದನ್ನೂ ಓಡಿಹೋಗಿ ಸರಿ ಮಾಡಿ ಬಂದ್ಯಲ್ಲ."

"ಅಕ್ಕ, ಅದು ನೀರಲ್ಲ. ನಾವು ತಿಂದ್ವಲ್ಲ ಆ ಮೊಗ್ಗು, ಅದನ್ನ ತಿಂದ ಮೇಲೆ ನಾಲಿಗೆಗೆ ಹಾಗನ್ಸುತ್ತಂತೆ. ನೀರು ಯಾವಾಗಿನ ಥರಾನೇ ಇತ್ತು."

ಅಕ್ಕ ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. "ನೀರು ಕೆಟ್ಟಾಗೆಲ್ಲ ಹೊಳೆ ಮೇಲೆ ಹಾಕ್ತಿದ್ದೆ. ಇವತ್ತು ಚೆನ್ನಾಗಿತ್ತು, ಅದನ್ನ ತರಕಾರಿ ಮೇಲೆ ಹಾಕ್ತಿದೀಯ. ನೀನು ಮಾಡಿದ್ದು ಅಂತ ಒಂದನ್ನಾದ್ರೂ ಒಪ್ಕೊಳೋ."

ಹೆಂಡತಿ ನಗು ತಡೆಯಲಾರದೆ ಅತ್ತ ತಿರುಗಿ, ಜೋಡಿಸಿಟ್ಟ ತಟ್ಟೆಗಳನ್ನೇ ಮತ್ತೆ ಜೋಡಿಸಿದಳು. ಅಕ್ಕ ಕೆಂಪು ನೀರನ್ನು ಚೆಲ್ಲಿ, ತನ್ನ ಚೀಲ ಹೆಗಲಿಗೇರಿಸಿ ಹೊರಟಳು.

"ಮುಂದಿನ ಭಾನುವಾರ ಬರ್ತೀನಿ. ಮಧ್ಯಾಹ್ನ ಕೊಟ್ಟಿದ್ಯಲ್ಲ, ಆ ನೀರೇ ಕೊಡ್ಬೇಕು. ಆ ಮುಳ್ಳಿನ ಗಡ್ಡೆ ಬೇಯಿಸೋ ರಗಳೆ ಮಾತ್ರ ಇಟ್ಕೋಬೇಡ. ನೀರಿದ್ರೆ ಸಾಕು."

ಸತ್ಯ ಹೇಳಿದ್ದಾಯಿತು, ನಡೆಯಲಿಲ್ಲ. ಮೋಸ ಮಾಡೋಣವೆಂದರೆ ಮೊಗ್ಗನ್ನೇ ಬೇಡವೆನ್ನುತ್ತಿದ್ದಾಳೆ. ನೀರಣ್ಣನಿಗೆ ದಿಕ್ಕೇ ತೋಚಲಿಲ್ಲ. ಅಕ್ಕನ ಕೈಯಲ್ಲಿ ಖಾಲಿ ಬಾಟಲಿ ಇನ್ನೂ ಇತ್ತು. ಆ ಖಾಲಿ ಬಾಟಲಿ ಹಿಡಿದುಕೊಂಡು ಅವಳು ಮನೆಗೆ ಹೋಗುವುದನ್ನು ಅವನಿಂದ ನೋಡಲಾಗಲಿಲ್ಲ.

"ಇಲ್ಲಿ ಕೊಡು ಅಕ್ಕ," ಎಂದು ಅದನ್ನು ತೆಗೆದುಕೊಂಡು ಹಿತ್ತಲಿಗೆ ಹೋದ.

ಆ ಹೊತ್ತಿನಲ್ಲಿ ಇಡೀ ಬೀದಿಯಲ್ಲಿ ತಿಳಿಯಾದ ನೀರಿದ್ದದ್ದು ಒಂದೇ ಕಡೆ, ಅವನ ಗಿಡದ ಡ್ರಮ್ಮಿನಲ್ಲಿ. ನಿನ್ನೆ ಸಂಜೆ ತುಂಬಿಸಿದ್ದು, ಅಡುಗೆಯ ಗಡಿಬಿಡಿಯಲ್ಲಿ ಬೆಳಿಗ್ಗೆ ಗಿಡಕ್ಕೆ ಹೊಯ್ದಿರಲಿಲ್ಲ. ಮೇಲಿನ ಬಟ್ಟೆ ಬಿಚ್ಚಿದ. ಲ್ಯಾಬಿನ ಹನಿ ಸೀಸೆ ಅವಸರದಲ್ಲಿ ಅವನ ಜೇಬಿನಲ್ಲೇ ಬಂದುಬಿಟ್ಟಿತ್ತು. ಅಭ್ಯಾಸ ಬಲದಿಂದ ಒಂದು ಲೋಟ ನೀರಿಗೆ ಎರಡು ಹನಿ ಹಾಕಿ ನೋಡಿದ. ಹಳದಿಯ ಸುಳಿವೂ ಇಲ್ಲ. ಅವನು ಜೀವಮಾನವೆಲ್ಲ ಪಾಲಿಸಿದ ನಿಯಮದ ಪ್ರಕಾರ ಈ ನೀರನ್ನು ಯಾರಿಗೂ ಕೊಡುವಂತಿಲ್ಲ. ಆ ಲೋಟವನ್ನು ಚೆಲ್ಲಿ, ಬಾಟಲಿಯನ್ನು ಡ್ರಮ್ಮಿನಲ್ಲಿ ಮುಳುಗಿಸಿ ತುಂಬಿಸಿದ.

ಅಕ್ಕ ಗೇಟಿನ ಹತ್ತಿರವೇ ಮುಚ್ಚಳ ತೆಗೆದು ಮೂಸಿದಳು. ಮತ್ತೊಮ್ಮೆ ಮೂಸಿದಳು. ಇಷ್ಟು ವರ್ಷ ಒಂದು ಸಲವೂ ಸೋಲದ ಆ ಮೂಗಿಗೆ ಇವತ್ತು ಹಿಡಿಯಲು ಏನೂ ಸಿಗಲಿಲ್ಲ. ಒಂದು ಗುಟುಕು ಕುಡಿದಳು.

"ಸಿಹಿ ಇಲ್ಲ," ಎಂದಳು. ನೀರಣ್ಣ ತಲೆ ತಗ್ಗಿಸಿದ. ಅವಳು ಇನ್ನೊಂದು ಗುಟುಕು ಕುಡಿದು ಬಾಯಿ ಒರೆಸಿಕೊಂಡಳು. "ವಾಸನೇನೂ ಇಲ್ಲ. ಚಿಕ್ಕಂದಿನಲ್ಲಿ ಅಮ್ಮ ಕೊಡ್ತಿದ್ದ ನೀರಿನ ಥರ ಇದೆ."

ಸುಮ್ಮನೆ ಒಂದು ರಾತ್ರಿ ತೆರೆದಿಟ್ಟ ನೀರು. ಅದಕ್ಕೆ ಬಡ್ತಿ ಬೇಕಿರಲಿಲ್ಲ, ಶಾಲು ಬೇಕಿರಲಿಲ್ಲ, ಎರಡು ವರ್ಷದ ಮೊಗ್ಗೂ ಬೇಕಿರಲಿಲ್ಲ.

ಅಕ್ಕ ಮುಚ್ಚಳ ತಿರುಗಿಸಿ ಬಾಟಲಿಯನ್ನು ಜೋಪಾನವಾಗಿ ಚೀಲಕ್ಕಿಳಿಸಿದಳು. ಹೊರಡುವವಳು ಏನೋ ನೆನಪಾದಂತೆ ನಿಂತು ಕೇಳಿದಳು:

"ಅಲ್ವೋ, ಮನೇಲಿ ಇಂಥ ನೀರು ಇಟ್ಕೊಂಡು, ಇಷ್ಟು ದಿನ ಯಾರಿಗೆ ಕುಡಿಸ್ತಿದ್ದೆ?"

ನೀರಣ್ಣನಿಗೆ ಹಿತ್ತಲ ಕಡೆ ತಿರುಗಿ ನೋಡುವ ಧೈರ್ಯ ಬರಲಿಲ್ಲ. ಅಲ್ಲಿ ಆರ್ಟಿಚೋಕ್ ಗಿಡಗಳು ಮೊಳದುದ್ದದ ಎಲೆ ಚಾಚಿಕೊಂಡು ಸೊಂಪಾಗಿ ನಿಂತಿದ್ದವು.